ಬಾವುಟಕ್ಕೆ ಎಷ್ಟು ಗಜ?

ಚಾಮುಂಡಿ ಬೆಟ್ಟದ ಮೇಲಿನಿಂದ ಊರನ್ನು ನೋಡುವವರಿಗೆ ಒಂದು ಹಳೆಯ ಚಪಲವುಂಟು. ಮನೆಗೆ ಬಂದ ನೆಂಟರನ್ನು ಕಟ್ಟೆಯ ಬಳಿಗೆ ಕರೆದೊಯ್ದು, ಅಗೋ ಅರಮನೆ, ಅಗೋ ಲಲಿತಮಹಲು, ಅಗೋ ಕುದುರೆ ಓಡುವ ಬಯಲು ಎಂದು ಬೆರಳು ತೋರಿಸಿದ ಮೇಲೆ, ಇಲ್ಲಿಂದ ಅಲ್ಲಿಗೆ ಎಷ್ಟು ದೂರವಿದ್ದೀತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾವ ಎರಡು ಮೈಲಿ ಎಂದರೆ ಅಳಿಯ ನಾಲ್ಕು ಎನ್ನುತ್ತಾನೆ. ಚಿಕ್ಕ ಹುಡುಗ ನೂರು ಎನ್ನುತ್ತಾನೆ. ಯಾರೂ ಸೋಲುವುದಿಲ್ಲ, ಅಳೆದು ನೋಡುವವರಾರೂ ಇಲ್ಲವಷ್ಟೆ.

ಆದರೆ ಕೆಳಗಿನ ಆ ಕುದುರೆ ಬಯಲಿಗೆ ಹೊಂದಿಕೊಂಡೇ ಹಸುರು ಹಾಸಿದಂತೆ ಹರಡಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ದಿನ ಬೆಳಗಾದರೆ ಇದೇ ಪ್ರಶ್ನೆಯನ್ನು ಮುಖ ಗಂಟಿಕ್ಕಿಕೊಂಡು ಕೇಳುವವರಿದ್ದಾರೆ. ಅಲ್ಲಿ ತಪ್ಪು ಹೇಳಿದವರು ತಪ್ಪದೆ ಸೋಲುತ್ತಾರೆ. ಚೆಂಡು ಬಿದ್ದಿರುವುದು ಇಲ್ಲಿ. ಕುಳಿಯಲ್ಲಿ ನೆಟ್ಟ ಬಾವುಟ ಇರುವುದು ಅಲ್ಲಿ. ನಡುವೆ ಎಷ್ಟು ಗಜ? ಗಾಲ್ಫ್ ಆಟದ ಸಮಸ್ತ ಸುಖದುಃಖವೂ ಈ ಒಂದು ಪ್ರಶ್ನೆಯನ್ನು ಸುತ್ತಿಕೊಂಡಿದೆಯೆಂದರೆ ತೀರ ಅತಿಶಯೋಕ್ತಿಯಾಗಲಾರದು.

ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. 46 ಗ್ರಾಮ್‌ಗಿಂತ ಕೊಂಚ ಕಡಿಮೆ ತೂಕದ ಒಂದು ಬಿಳಿಯ ಚೆಂಡನ್ನು ನೂರಾರು ಗಜ ಹೊಡೆಯುತ್ತ ಹೋಗಿ, ಕೊನೆಗೆ ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿಯೊಳಕ್ಕೆ ಇಳಿಸಬೇಕು. ಹೀಗೆ ಹದಿನೆಂಟು ಸಲ. ಆಟಗಾರನ ಚೀಲದಲ್ಲಿ ಹೆಚ್ಚೆಂದರೆ ಹದಿನಾಲ್ಕು ದಾಂಡುಗಳಿರಬಹುದು. ಒಂದೊಂದು ದಾಂಡಿಗೂ ಒಂದೊಂದು ದೂರ. ಏಳನೆಯ ನಂಬರಿನ ದಾಂಡಿನಿಂದ 120 ಗಜ ಹೊಡೆಯಬಲ್ಲವನು ಆರನೆಯದರಿಂದ 130 ಗಜ ಹೊಡೆದಾನು. ಬಾವುಟ 130 ಗಜದಲ್ಲಿರುವಾಗ 120 ಎಂದು ಭ್ರಮಿಸಿ ಏಳನೆಯದನ್ನು ಎಳೆದರೆ, ಹೊಡೆತ ಎಷ್ಟೇ ಸೊಗಸಾಗಿದ್ದರೂ ಚೆಂಡು ಮುಂಭಾಗದ ಮರಳುಗುಂಡಿಯಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಕೈ ತಪ್ಪಿರುವುದಿಲ್ಲ, ಕಣ್ಣು ತಪ್ಪಿರುತ್ತದೆ.

ಕಣ್ಣಿಗೆ ಈ ವಿಷಯದಲ್ಲಿ ಪ್ರಾಮಾಣಿಕತೆ ಸಾಲದು. ನಡುವೆ ತಗ್ಗಿದ್ದರೆ ಆಚೆಯ ಬಾವುಟ ಹತ್ತಿರಕ್ಕೆ ಬಂದಂತೆ ತೋರುತ್ತದೆ. ಹಿಂದೆ ದೊಡ್ಡ ಮರವಿದ್ದರೆ ಅದೇ ಬಾವುಟ ಕುಗ್ಗಿ ದೂರ ಸರಿದಂತಾಗುತ್ತದೆ. ಆದ್ದರಿಂದಲೇ ಹಿಂದಿನಿಂದಲೂ ಆಟಗಾರರು ಕಣ್ಣನ್ನು ನಂಬದೆ ಕಾಲನ್ನು ನಂಬಿದರು. ಅಮೆರಿಕದ ಜ್ಯಾಕ್ ನಿಕ್ಲಾಸ್ 1961ರಲ್ಲಿ ಪೆಬಲ್ ಬೀಚ್ ಎಂಬಲ್ಲಿ ಅಲ್ಲಿನ ಹವ್ಯಾಸಿ ಆಟಗಾರರ ರಾಷ್ಟ್ರೀಯ ಪಂದ್ಯಕ್ಕೆ ಇಳಿಯುವ ಮುನ್ನ, ಗೆಳೆಯನೊಬ್ಬನ ಸಲಹೆಯಂತೆ, ಮೈದಾನದ ಮರ ಗುಂಡಿಗಳಿಂದ ಹುಲ್ಲುಗಂಬಳಿಯವರೆಗೆ ಹೆಜ್ಜೆ ಹಾಕಿ ಅಳೆದು ಕಾಗದದ ಮೇಲೆ ಬರೆದುಕೊಂಡ. ಪಂದ್ಯವನ್ನೂ ಗೆದ್ದ. ಅಲ್ಲಿಂದ ಮುಂದೆ ಕಿಸೆಯಲ್ಲಿ ಅಳತೆಯ ಪುಸ್ತಕವಿಟ್ಟುಕೊಳ್ಳುವುದು ದೊಡ್ಡ ಆಟಗಾರರ ವಾಡಿಕೆಯಾಯಿತು.

ಈಗ ಹೆಜ್ಜೆಯ ಕಾಲವೂ ಸರಿದು ಯಂತ್ರದ ಕಾಲ ಬಂದಿದೆ. ಯಂತ್ರಗಳಲ್ಲಿ ಎರಡು ಜಾತಿ. ಒಂದು, ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅಥವಾ ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ. ಇನ್ನೊಂದು, ಚಿಕ್ಕ ದುರ್ಬೀನಿನಂತೆ ಕಣ್ಣಿಗೆ ಹಿಡಿಯುವ ಲೇಸರ್ ದೂರಮಾಪಕ. ಎರಡೂ ಹತ್ತು ಹನ್ನೆರಡು ಸಾವಿರ ರೂಪಾಯಿಗಳಿಂದ ಮೊದಲಾಗಿ ಅರ್ಧ ಲಕ್ಷವನ್ನು ದಾಟುವವರೆಗೆ ದೊರೆಯುತ್ತವೆ. ಎರಡನ್ನೂ ಕೊಂಡುಬಿಡುವ ಶ್ರೀಮಂತರ ಮಾತು ಬೇರೆ. ಅವರಿಗೆ ಈ ಲೇಖನದ ಅವಶ್ಯಕತೆಯಿಲ್ಲ.

ಜಯಲಕ್ಷ್ಮೀಪುರದ ಒಬ್ಬ ನಿವೃತ್ತ ಇಂಜಿನಿಯರರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ವಯಸ್ಸು ಅರವತ್ತೈದು, ವೈದ್ಯರು ನಡೆಯಿರಿ ಎಂದದ್ದೇ ನೆಪವಾಗಿ ಗಾಲ್ಫ್ ಹಿಡಿದವರು. ದಸರೆಗೆ ಬರಲಿರುವ ಮಗ ದೂರದೇಶದಿಂದ ಫೋನು ಮಾಡಿ, "ಅಪ್ಪಾ, ನಿಮಗೆ ಯಾವುದನ್ನು ತರಲಿ? ಗಡಿಯಾರವೋ ದುರ್ಬೀನೋ?" ಎಂದು ಕೇಳುತ್ತಾನೆ. ತಂದೆ ಉತ್ತರಿಸುವ ಮೊದಲೇ ಒಳಗಿನಿಂದ ಮನೆಯಾಕೆಯ ಧ್ವನಿ ಬರುತ್ತದೆ: "ನಲವತ್ತು ವರ್ಷ ರಸ್ತೆ ಸೇತುವೆ ಅಳೆದದ್ದು ಸಾಲದೆ? ಇನ್ನೂ ಒಂದು ಅಳತೆಗೋಲು ಯಾತಕ್ಕೆ?" ಆಕೆಯ ಪ್ರಶ್ನೆ ಹಗುರವಾದುದಲ್ಲ. ಆದರೆ ಮಗನ ಪ್ರಶ್ನೆಗೆ ಮೊದಲು ಉತ್ತರ ಬೇಕು. ಅದಕ್ಕೆ ಈ ಎರಡು ಯಂತ್ರಗಳ ಹೊಟ್ಟೆಯೊಳಗೆ ಏನಿದೆಯೆಂದು ನೋಡಬೇಕು.

ಲೇಸರ್ ದೂರಮಾಪಕದ ತತ್ತ್ವ ಬಾವಿಯೊಳಕ್ಕೆ ಕೂಗಿ ಮಾರ್ದನಿಗಾಗಿ ಕಾಯುವ ಹುಡುಗರ ಆಟದಷ್ಟೇ ಸರಳ. ಕೂಗಿನ ಬದಲು ಇಲ್ಲಿ ಕಣ್ಣಿಗೆ ಕಾಣದ ಬೆಳಕಿನ ಒಂದು ಮಿಡಿತ. ಗುಂಡಿಯನ್ನೊತ್ತಿದೊಡನೆ ಅದು ಹೋಗಿ ಬಾವುಟಕ್ಕೆ ಬಡಿದು ಮರಳುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಯಂತ್ರ ಎಣಿಸುತ್ತದೆ. ಬೆಳಕು ಒಂದು ಸೆಕೆಂಡಿನಲ್ಲಿ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವುದರಿಂದ, 150 ಗಜ ದೂರದ ಬಾವುಟವನ್ನು ಮುಟ್ಟಿ ಬರಲು ಅದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೂ ಪೂರ್ತಿ ಬೇಕಾಗುವುದಿಲ್ಲ. ಅಷ್ಟು ಸಣ್ಣ ಕಾಲವನ್ನು ಎಣಿಸಿ, ದೂರವನ್ನು ಒಂದು ಗಜದ ಆಚೀಚೆಗೆ ಹೇಳಿಬಿಡುತ್ತದೆ. 1960ರ ಮೇ 16ರಂದು ಕ್ಯಾಲಿಫೋರ್ನಿಯದ ಪ್ರಯೋಗಶಾಲೆಯೊಂದರಲ್ಲಿ ಥಿಯೊಡೋರ್ ಮೈಮನ್ ಎಂಬಾತ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದಾಗ, ಅದು ಮುಂದೊಮ್ಮೆ ನಿವೃತ್ತರ ಚೀಲದಲ್ಲಿ ಕುಳಿತೀತೆಂದು ಯಾರೂ ಎಣಿಸಿರಲಾರರು. ಕೆಲವು ಮೈದಾನಗಳಲ್ಲಿ ಬಾವುಟದ ಕೋಲಿಗೆ ಒಂದು ಪುಟ್ಟ ಗಾಜಿನ ಪಟ್ಟಕವನ್ನು ಕಟ್ಟಿರುತ್ತಾರೆ. ಬೆಳಕು ಬಂದ ದಿಕ್ಕಿಗೇ ಅದನ್ನು ತಿರುಗಿಸಿ ಕಳುಹಿಸುವುದು ಅದರ ಕೆಲಸ. 1969ರಲ್ಲಿ ಅಪೋಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದದ್ದೂ ಇದೇ ಜಾತಿಯ ಪಟ್ಟಕಗಳನ್ನೇ. ಚಂದ್ರನ ದೂರವನ್ನು ಇಂದಿಗೂ ಹಾಗೆಯೇ ಅಳೆಯುತ್ತಾರೆ.

ಆದರೆ ಲೇಸರಿಗೆ ಬಾವುಟ ಕಾಣಬೇಕು. ಕಂಡರೆ ಸಾಲದು, ಕೈ ಅಲುಗದೆ ಅದರ ಮೇಲೆಯೇ ನಿಲ್ಲಬೇಕು. ಅರ್ಧ ಮೀಟರ್ ಅಗಲದ ಬಟ್ಟೆ 150 ಗಜ ದೂರದಲ್ಲಿ ಎಷ್ಟು ಕಾಣುತ್ತದೆ? ಚಾಚಿದ ಕೈಯ ಕಿರುಬೆರಳಿನ ಅಗಲದಲ್ಲಿ ಐದನೆಯ ಒಂದು ಪಾಲು. ಗುರಿ ಕೂದಲೆಳೆಯಷ್ಟು ತಪ್ಪಿದರೆ ಬೆಳಕು ಹಿಂದಿನ ಮರಕ್ಕೆ ಬಡಿದು ಬರುತ್ತದೆ. ಯಂತ್ರ ಯಾವ ಸಂಕೋಚವೂ ಇಲ್ಲದೆ ಮರದ ದೂರವನ್ನೇ ಬಾವುಟದ ದೂರವೆಂದು ಹೇಳುತ್ತದೆ. ಹತ್ತಿರದ ವಸ್ತುವನ್ನೇ ಆರಿಸಿ, ಬಾವುಟ ಸಿಕ್ಕಿತೆಂದು ಕೈಯಲ್ಲಿ ಸಣ್ಣಗೆ ನಡುಗಿ ತಿಳಿಸುವ ಜಾಣತನವೂ ಈಗಿನ ಯಂತ್ರಗಳಲ್ಲಿದೆ. ಆದರೂ ಬಾವುಟ 140 ಗಜದಲ್ಲಿದ್ದು ಯಂತ್ರ 165 ಎಂದರೆ ಅನುಮಾನಪಟ್ಟು ಇನ್ನೊಮ್ಮೆ ನೋಡುವ ವಿವೇಕ ಹಿಡಿದವನಲ್ಲೇ ಇರಬೇಕು. ಜಡಿಮಳೆಯಲ್ಲಿ, ದಟ್ಟ ಮಂಜಿನಲ್ಲಿ ಲೇಸರ್ ಮಂಕಾಗುತ್ತದೆ.

ಜಿಪಿಎಸ್ ಬಾವುಟವನ್ನು ನೋಡುವುದೇ ಇಲ್ಲ. ಅದು ಆಕಾಶವನ್ನು ಕೇಳುತ್ತದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುವ ಉಪಗ್ರಹಗಳು ತಮ್ಮೊಳಗಿನ ಪರಮಾಣು ಗಡಿಯಾರಗಳ ವೇಳೆಯನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಸಾಕು, ಯಂತ್ರ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಐನ್‌ಸ್ಟೈನ್ ಮಹಾಶಯನ ಸಾಪೇಕ್ಷತಾ ಸಿದ್ಧಾಂತದಂತೆ ಅಷ್ಟು ಎತ್ತರದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಅದನ್ನು ತಿದ್ದದೆ ಬಿಟ್ಟಿದ್ದರೆ ಅಳತೆಯಲ್ಲಿ ದಿನಕ್ಕೆ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ಸೇರುತ್ತಿತ್ತು. ಈ ಉಪಗ್ರಹಗಳಲ್ಲಿ ಮೊದಲನೆಯದು ಮೇಲೇರಿದ್ದು 1978ರಲ್ಲಿ. ಅಮೆರಿಕದ ಸೇನೆಯ ಸ್ವತ್ತಾದ್ದರಿಂದ ಬಹುಕಾಲ ಸಾಮಾನ್ಯರಿಗೆ ಬೇಕೆಂದೇ ಕೆಡಿಸಿದ ಸಂಕೇತವನ್ನು ಕೊಡುತ್ತಿದ್ದರು. ನೂರು ಮೀಟರ್‌ವರೆಗೆ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಅಡ್ಡಿಯನ್ನು ತೆಗೆದರು. ಗಾಲ್ಫ್ ಗಡಿಯಾರಗಳ ಸಂತಾನವೆಲ್ಲ ಬೆಳೆದದ್ದು ಆಮೇಲೆಯೇ.

ನಕ್ಷತ್ರ ನೋಡಿ ದಾರಿ ಹುಡುಕುವ ಈ ವಿದ್ಯೆಗೆ ಮೈಸೂರು ಸೀಮೆಯಲ್ಲಿ ಒಂದು ಹಳೆಯ ಕಥೆಯೂ ಉಂಟು. 1799ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದ ಕಂಪನಿಯ ಸೇನೆಯ ಒಂದು ತುಕಡಿ, ದಂಡನಾಯಕ ಬೇರ್ಡ್ ಎಂಬಾತನ ಕೈಕೆಳಗೆ ಸುಲ್ತಾನ್‌ಪೇಟೆಯ ತೋಪನ್ನು ಶೋಧಿಸಿ ಹಿಂದಿರುಗುತ್ತಿತ್ತು. ಕತ್ತಲಲ್ಲಿ ನಕ್ಷತ್ರಗಳನ್ನು ನೋಡಿದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ಎಂದರೆ ಶತ್ರುವಿನ ಕಡೆಗೆ, ಹೋಗುತ್ತಿದ್ದೇವೆಂದು ಎಚ್ಚರಿಸಿದ. ದಂಡನಾಯಕನಿಗೆ ಸಿಟ್ಟು ಬಂತು. ನಕ್ಷತ್ರಗಳನ್ನು ಕೇಳದೆಯೇ ತನಗೆ ದಾರಿ ಗೊತ್ತು ಎಂದುಬಿಟ್ಟ. ಸ್ವಲ್ಪ ಹೊತ್ತಿಗೆ ಟಿಪ್ಪುವಿನ ಕಾವಲುಪಡೆಯ ಮೇಲೆಯೇ ಹೋಗಿ ಬಿದ್ದರು. ಆಮೇಲೆ ಬೆಳಕು ಹೊತ್ತಿಸಿ ದಿಕ್ಸೂಚಿ ನೋಡಿದರೆ ನಕ್ಷತ್ರಗಳು ಹೇಳಿದ್ದೇ ನಿಜವಾಗಿತ್ತು. ಅದೇ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯನ್ನು ಅಳೆದು, ಎರಡು ವರ್ಷದ ಮೇಲೆ ಮದರಾಸಿನಲ್ಲಿ ಇಡೀ ಭಾರತದ ಮಹಾಮೋಜಣಿಗೆ ಕೈಯಿಕ್ಕಿದ. ಈಗ ಭಾರತ ತನ್ನದೇ ಆದ ನಾವಿಕ್ ಉಪಗ್ರಹಗಳನ್ನು ಹಾರಿಸಿದೆ. ಅವುಗಳ ಪಥದರ್ಶಕ ಕೇಂದ್ರ 2013ರಲ್ಲಿ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಆರಂಭವಾಯಿತು. ಸರಪಳಿಯಿಂದ ಉಪಗ್ರಹದವರೆಗಿನ ಪಯಣದಲ್ಲಿ ಎರಡು ಮೈಲಿಗಲ್ಲುಗಳು ಬೆಂಗಳೂರಿನ ಸುತ್ತಲೇ ಬಿದ್ದಿವೆ.

ಮಾತು ಗಾಲ್ಫಿಗೆ ಮರಳಬೇಕು. ಜಿಪಿಎಸ್ ಯಂತ್ರಕ್ಕೆ ಆಕಾಶದಿಂದ ತಿಳಿಯುವುದು ಆಟಗಾರ ನಿಂತ ಸ್ಥಳ ಮಾತ್ರ. ಬಾವುಟದ ಸುತ್ತಲಿನ ನುಣುಪು ಹುಲ್ಲುಗಂಬಳಿ ಎಲ್ಲಿದೆ, ಗುಂಡಿ ಎಲ್ಲಿದೆ, ಕೊಳ ಎಲ್ಲಿದೆ ಎಂಬುದನ್ನು ಅದರೊಳಗೆ ಮೊದಲೇ ತುಂಬಿಟ್ಟ ನಕ್ಷೆ ಹೇಳಬೇಕು. ಆ ನಕ್ಷೆಯನ್ನು ನೋಡಿ, ಹುಲ್ಲುಗಂಬಳಿಯ ಮುಂಚೂಣಿಗೆ ಇಷ್ಟು, ನಡುವಿಗೆ ಇಷ್ಟು, ಹಿಂತುದಿಗೆ ಇಷ್ಟು ಎಂದು ಮೂರು ಅಂಕಿಗಳನ್ನು ಮಣಿಕಟ್ಟಿನ ಮೇಲೆ ಮೂಡಿಸುತ್ತದೆ. ಗುರಿ ಹಿಡಿಯುವ ಶ್ರಮವಿಲ್ಲ, ಕಣ್ಣು ಕಿರಿದು ಮಾಡಬೇಕಾಗಿಲ್ಲ, ದಿಬ್ಬದ ಹಿಂದೆ ಅಡಗಿದ ಗುಂಡಿಯ ದೂರವೂ ತಿಳಿಯುತ್ತದೆ. ಸುಖವೆಂದರೆ ಇದು. ಆದರೆ ಕುಳಿಯನ್ನು ತೋಡುವವನು ಮೈದಾನದ ಮಾಲಿ. ಹುಲ್ಲು ಒಂದೇ ಕಡೆ ಸವೆಯದಿರಲೆಂದು ಅವನು ಆಗಾಗ ಕುಳಿಯ ಜಾಗವನ್ನು ಬದಲಿಸುತ್ತಾನೆ. ಮೂವತ್ತು ಗಜ ಆಳದ ಹುಲ್ಲುಗಂಬಳಿಯಲ್ಲಿ ಅವನು ಇವತ್ತು ಮೂಲೆ ಹಿಡಿದರೆ, ನಡುವಿನ ಅಂಕಿಗೂ ಬಾವುಟಕ್ಕೂ ಹನ್ನೆರಡು ಗಜ ವ್ಯತ್ಯಾಸವಾದರೂ ಆದೀತು. ಮಾಲಿಯ ಮನಸ್ಸು ಯಾವ ಉಪಗ್ರಹಕ್ಕೂ ತಿಳಿಯದು. ಇದರ ಮೇಲೆ, ತೆರೆದ ಆಕಾಶದ ಕೆಳಗೂ ನಾಲ್ಕೈದು ಮೀಟರ್ ಆಚೀಚೆಯಾಗುವುದು ಜಿಪಿಎಸ್ಸಿನ ಸಹಜಗುಣ. ಎಂದೋ ಮಾಡಿದ ನಕ್ಷೆ ಇರುವಾಗ ಕ್ಲಬ್ಬಿನವರು ಹುಲ್ಲುಗಂಬಳಿಯನ್ನೇ ಬೇರೆಡೆಗೆ ಸರಿಸಿದ್ದರಂತೂ ಯಂತ್ರ ಹಳೆಯ ವಿಳಾಸವನ್ನೇ ಹೇಳುತ್ತ ನಿಲ್ಲುತ್ತದೆ.

ಹಾಗಾದರೆ ಒಂದು ಗಜ ತಪ್ಪುವ ಲೇಸರ್ ಮೇಲೋ, ಐದು ಗಜ ತಪ್ಪುವ ಜಿಪಿಎಸ್ ಮೇಲೋ ಎಂದು ಕೇಳಿದರೆ ಉತ್ತರ ಸುಲಭವೆಂದು ತೋರುತ್ತದೆ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಆದರೆ ಅರವತ್ತೈದರ ಇಂಜಿನಿಯರರು ಅದೇ ದಾಂಡಿನಿಂದ ಹತ್ತು ಸಲ ಹೊಡೆದರೆ ಹತ್ತು ಚೆಂಡುಗಳೂ ಒಂದೇ ಕಡೆ ಬೀಳುತ್ತವೆಯೆ? ಇಪ್ಪತ್ತು ಗಜದ ಹರವಿನಲ್ಲಿ ಚೆದುರಿ ಬೀಳುತ್ತವೆ. ಅವುಗಳಲ್ಲಿಯೂ ಹೆಚ್ಚಿನವು ಬಾವುಟದಿಂದ ಈಚೆಗೇ. ಏಕೆಂದರೆ ಪ್ರತಿಯೊಬ್ಬನೂ ತನ್ನ ಜೀವಮಾನದ ಅತ್ಯುತ್ತಮ ಹೊಡೆತವನ್ನೇ ತನ್ನ ದಿನನಿತ್ಯದ ಹೊಡೆತವೆಂದು ಭಾವಿಸಿರುತ್ತಾನೆ. ಇಂಥವರಿಗೆ ಒಂದು ಗಜದ ನಿಖರತೆ, ಎಮ್ಮೆ ಮಾರುವ ಸಂತೆಗೆ ಚಿನ್ನದ ತಕ್ಕಡಿ ಒಯ್ದಂತೆ. ಬಾವುಟಕ್ಕೆ 128 ಎಂಬ ಒಂದೇ ಅಂಕಿಗಿಂತ, ಹಿಂತುದಿಗೆ 140 ಉಂಟು, ಧೈರ್ಯವಾಗಿ ಒಂದು ದಾಂಡು ಹೆಚ್ಚಿಗೆ ಹಿಡಿಯಬಹುದು ಎಂಬ ತಿಳಿವು ಹೆಚ್ಚು ಬೆಲೆಯುಳ್ಳದ್ದು. ಈ ದೃಷ್ಟಿಯಿಂದ ಗಡಿಯಾರವೇ ಮೇಲೆಂದು ಹೇಳಬೇಕಾಗುತ್ತದೆ.

ಹೇಳಬೇಕಾಗುತ್ತದೆ, ಆದರೆ ಮೈಸೂರಿನ ಮಟ್ಟಿಗೆ ಹಾಗೆ ಹೇಳಿ ಮುಗಿಸಲು ಬರುವುದಿಲ್ಲ. ಇಂಜಿನಿಯರರು ವಾರಕ್ಕೆ ಮೂರು ಸಲ ಅದೇ ಹದಿನೆಂಟು ಕುಳಿಗಳನ್ನು ಸುತ್ತುವವರು. ಯಾವ ಗುಂಡಿ ಎಲ್ಲಿದೆ, ಯಾವ ಮರದ ಪಕ್ಕದಿಂದ ಹೊಡೆದರೆ ಹುಲ್ಲುಗಂಬಳಿಯ ಮುಂಚೂಣಿ ಮುಟ್ಟುತ್ತದೆ ಎಂಬುದು ಅವರಿಗೆ ಅಡುಗೆಮನೆಯ ಡಬ್ಬಿಗಳು ಮನೆಯಾಕೆಗೆ ತಿಳಿದಷ್ಟೇ ಚೆನ್ನಾಗಿ ತಿಳಿದಿದೆ. ಅವರಿಗೆ ತಿಳಿಯದುದನ್ನು ಜೊತೆಗೆ ಚೀಲ ಹೊತ್ತು ಬರುವ ಕ್ಯಾಡಿ ಬಲ್ಲ. ಎಂದರೆ ಜಿಪಿಎಸ್ ಹಣ ಪಡೆದು ಕೊಡುವ ನಕ್ಷೆ ಅವರ ಬಳಿ ಆಗಲೇ ಇದೆ. ಅದೂ ಎರಡು ಪ್ರತಿ. ಇಲ್ಲದಿರುವುದು ಒಂದೇ: ಇವತ್ತು ಬೆಳಗ್ಗೆ ಮಾಲಿ ಬಾವುಟವನ್ನು ಎಲ್ಲಿ ನೆಟ್ಟಿದ್ದಾನೆಂಬ ಸುದ್ದಿ. ಅದನ್ನು ಹೇಳಬಲ್ಲದ್ದು ಲೇಸರ್. ಕುದುರೆ ಓಟದ ಬಯಲಿನ ನೆರೆಯ ನೆಲದಲ್ಲಿ ಕೊಡಗಿನಂಥ ಏರುತಗ್ಗುಗಳೂ ಇಲ್ಲದಿರುವುದರಿಂದ ಬಾವುಟಗಳನ್ನು ಗುರಿಹಿಡಿಯುವುದು ದುಸ್ಸಾಧ್ಯವಲ್ಲ. ಆದ್ದರಿಂದ ಊರಿನ ಮೈದಾನ ಬಿಟ್ಟು ಕದಲದ, ಕೈ ನಡುಗದ ಆಟಗಾರನಿಗೆ ದುರ್ಬೀನೇ ಸರಿ.

ಅದೇ ಇಂಜಿನಿಯರರು ಬೇಸಗೆಯಲ್ಲಿ ಗೆಳೆಯರ ಕಾರು ಹತ್ತಿ ಕೊಡಗಿಗೆ ಹೋದರೆಂದಿಟ್ಟುಕೊಳ್ಳಿ. ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲಿ ಒಂದು ಮೈದಾನವಿದೆ, ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್ ಇದೆ. ಬೆಟ್ಟದ ಸೀಮೆಯಲ್ಲಿ ಎಷ್ಟೋ ಕಡೆ ಹೊಡೆಯುವವನಿಗೆ ಬಾವುಟವೇ ಕಾಣುವುದಿಲ್ಲ. ಕಾಣುವುದು ದಿಬ್ಬ, ದಿಬ್ಬದ ಮೇಲೆ ಆಕಾಶ. ಮಡಿಕೇರಿಯ ಮಂಜು ಇಳಿದರಂತೂ ದಿಬ್ಬವೂ ಕಾಣದು. ಅಲ್ಲಿ ಹತ್ತಾರು ಸಾವಿರ ಕೊಟ್ಟ ಲೇಸರ್ ಕೊರಳಿಗೆ ಕಟ್ಟಿಕೊಂಡ ಅಲಂಕಾರವಾಗುತ್ತದೆ. ಗಡಿಯಾರ ಕಟ್ಟಿದವನು ಮಾತ್ರ ಮಂಜಿನೊಳಗೆ ನಿಂತು, ದಿಬ್ಬದ ಆಚೆ 152 ಎಂದು ಓದಬಲ್ಲ. ಊರೂರು ಅಲೆದು ಆಡುವವರಿಗೆ, ಕೈ ನಡುಗುವವರಿಗೆ, ಕನ್ನಡಕದ ಮೇಲೆ ದುರ್ಬೀನು ಒತ್ತಿಕೊಂಡು ಬೇಸತ್ತವರಿಗೆ ಜಿಪಿಎಸ್ಸೇ ತಕ್ಕದ್ದು. ಅದನ್ನು ಪರೀಕ್ಷಿಸಲು ಗಡಿಯಾರವನ್ನು ಕೊಳ್ಳಲೇಬೇಕೆಂದಿಲ್ಲ. ಕಿಸೆಯೊಳಗಿನ ಫೋನಿನಲ್ಲಿಯೇ ಜಿಪಿಎಸ್ ಇರುತ್ತದೆ, ಗಾಲ್ಫ್ ನಕ್ಷೆಗಳ ಆ್ಯಪುಗಳು ಪುಕ್ಕಟೆಯಾಗಿಯೂ ದೊರೆಯುತ್ತವೆ. ಮಗನಿಗೆ ಹೇಳಿಕಳುಹಿಸುವ ಮೊದಲು ಒಂದು ವಾರ ಅದನ್ನು ಬಳಸಿ ನೋಡಿದರೆ ನಷ್ಟವಿಲ್ಲ.

ಇಷ್ಟು ಮಗನ ಪ್ರಶ್ನೆಗೆ ಉತ್ತರ. ಮನೆಯಾಕೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಆಟದ ಕಾಯಿದೆಯನ್ನು ತೆರೆದು ನೋಡಬೇಕು.

2006ಕ್ಕೆ ಮುಂಚೆ ಪಂದ್ಯದಲ್ಲಿ ಇಂಥ ಯಂತ್ರಗಳಿಗೆ ಪ್ರವೇಶವಿರಲಿಲ್ಲ. ಆ ವರ್ಷ, ಆಯಾ ಕ್ಲಬ್ಬಿನವರು ಒಪ್ಪಿದರೆ ಆಗಬಹುದು ಎಂದರು. 2019ರ ಹೊಸ ಕಾಯಿದೆ ಅದನ್ನು ತಿರುಗಿಸಿ, ಕ್ಲಬ್ಬಿನವರು ಬೇಡವೆನ್ನದ ಹೊರತು ಆಗಬಹುದು ಎಂದಿತು. 2021ರಲ್ಲಿ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ಪಿನಂಥ ದೊಡ್ಡ ಪಂದ್ಯದಲ್ಲಿಯೂ ದೂರಮಾಪಕಗಳು ಕಾಣಿಸಿಕೊಂಡವು. ಆದರೆ ಕಾಯಿದೆ ಯಂತ್ರಕ್ಕೆ ಬಾಯಿ ಕೊಟ್ಟದ್ದು ದೂರ ಹೇಳುವುದಕ್ಕೆ ಮಾತ್ರ. ನೆಲದ ಏರಿಳಿತವನ್ನು ಅಳೆದು ಹೇಳಕೂಡದು. ಗಾಳಿಯ ವೇಗವನ್ನು ಅಳೆಯಕೂಡದು. ಚೆಂಡು ಬಿದ್ದ ಸ್ಥಳವನ್ನು ನೋಡಿ, ಇಂಥ ದಾಂಡು ಹಿಡಿ, ಇಂಥ ದಿಕ್ಕಿಗೆ ಹೊಡೆ ಎಂದು ಬುದ್ಧಿವಾದ ಹೇಳಕೂಡದು. ಹೇಳಿಸಿಕೊಂಡು ಆಡಿದರೆ ಮೊದಲ ಸಲಕ್ಕೆ, ಹೊಡೆತಗಳನ್ನೆಣಿಸುವ ಪಂದ್ಯದಲ್ಲಿ, ಎರಡು ಹೊಡೆತಗಳ ದಂಡ. ಎರಡನೆಯ ಸಲಕ್ಕೆ ಪಂದ್ಯದಿಂದಲೇ ಹೊರಕ್ಕೆ.

ಯಂತ್ರಕ್ಕೆ ನಿಷಿದ್ಧವಾದ ಈ ಮಾತುಗಳನ್ನೆಲ್ಲ ಆಡಲು ಅನುಮತಿಯುಳ್ಳವನು ಒಬ್ಬನುಂಟು. ಅವನು ಕ್ಯಾಡಿ. "ಸಾರ್, ಗಾಳಿ ಎದುರಿದೆ, ಒಂದು ದಾಂಡು ಜಾಸ್ತಿ ತಗೊಳ್ಳಿ" ಎಂದು ಅವನು ಧಾರಾಳವಾಗಿ ಹೇಳಬಹುದು. ಆಷಾಢದಲ್ಲಿ ಮೈಸೂರಿನ ಮೇಲೆ ಪಡುವಣ ಗಾಳಿ ಬೀಸತೊಡಗಿದರೆ, 130 ಗಜದ ಹೊಡೆತ ಎದುರುಗಾಳಿಯಲ್ಲಿ 115ಕ್ಕೇ ಕುಸಿಯುವುದುಂಟು. ಎರಡು ಯಂತ್ರಗಳೂ ಆಗಲೂ 130 ಎಂದೇ ಹೇಳುತ್ತಿರುತ್ತವೆ. ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿರುವ ಈ ಊರಿನ ತೆಳುಗಾಳಿಯಲ್ಲಿ ಚೆಂಡು ಮಂಗಳೂರಿಗಿಂತ ನೂರಕ್ಕೆ ಎರಡು ಮೂರು ಪಾಲು ಹೆಚ್ಚು ದೂರ ಹಾರುತ್ತದೆ. ಅದನ್ನೂ ದೂರ ಹೇಳುವ ಯಂತ್ರ ಹೇಳದು. ಯಜಮಾನರಿಗೆ ನಿನ್ನೆಯಿಂದ ಸೊಂಟ ಹಿಡಿದಿದೆ, ಇವತ್ತು ಆರನೆಯದರಿಂದ 130 ಬರಲಾರದು ಎಂಬುದು ಕ್ಯಾಡಿಗೆ ಮೊದಲ ಹೊಡೆತದಲ್ಲಿಯೇ ತಿಳಿದುಬಿಡುತ್ತದೆ. ವಾಸ್ತವವಾಗಿ ಆಟಗಾರನಿಗೆ ಬೇಕಾದ ಪ್ರಶ್ನೆ ಎಷ್ಟು ಗಜ ಎಂಬುದಲ್ಲ, ಯಾವ ದಾಂಡು ಎಂಬುದು. ಮೊದಲನೆಯದಕ್ಕೆ ಯಂತ್ರ ಉತ್ತರ ಕೊಡುತ್ತದೆ. ಎರಡನೆಯದನ್ನು ಕಾಯಿದೆಯೇ ಮನುಷ್ಯನಿಗೆ ಮೀಸಲಿಟ್ಟಿದೆ.

2021ರ ಆಗಸ್ಟಿನಲ್ಲಿ, ಟೋಕಿಯೊ ಒಲಿಂಪಿಕ್ಸಿನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನ ಇಡೀ ದೇಶವನ್ನು ಬೆಳಗಿನ ಜಾವ ಎಬ್ಬಿಸಿ ಕೂರಿಸಿದುದು ಅನೇಕರ ನೆನಪಿನಲ್ಲಿದ್ದೀತು. ಆಕೆಯ ಚೀಲವನ್ನು ಹಿಡಿದು ನಡೆದವರು ಆಕೆಯ ತಾಯಿ ಮಹೇಶ್ವರಿಯವರು; ಅದಕ್ಕೆ ಐದು ವರ್ಷ ಮೊದಲು ರಿಯೊದಲ್ಲಿ ತಂದೆ ಹಿಡಿದಿದ್ದರು. ಎದುರಾಳಿಗಳಿಗಿಂತ ಎಷ್ಟೋ ಗಜ ಹಿಂದೆ ಬೀಳುವ ಹೊಡೆತ ಆಕೆಯದು. ಆದರೂ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂತು. ದೂರ ಹೊಡೆಯಲಾರದವರಿಗೆ ದೂರವನ್ನು ಅರಿಯುವುದು ಇನ್ನೂ ಅಗತ್ಯ. ಮಗಳ ಕೈ ಇವತ್ತು ಎಷ್ಟು ಗಜದ ಕೈ ಎಂದು ತಾಯಿಗಿಂತ ಚೆನ್ನಾಗಿ ಬಲ್ಲವರಾರು?

ಇಷ್ಟನ್ನು ಹೇಳಲು ಕಾರಣವುಂಟು. ಯಂತ್ರ ಕೊಂಡ ಮರುವಾರವೇ, ಇನ್ನು ಕ್ಯಾಡಿ ಯಾತಕ್ಕೆ, ಚೀಲಕ್ಕೆ ಗಾಲಿ ಕಟ್ಟಿ ಎಳೆದುಕೊಂಡು ಹೋದರಾಯಿತು, ಯಂತ್ರದ ಹಣ ಆರು ತಿಂಗಳಲ್ಲಿ ಹಿಂದಕ್ಕೆ ಬಂದೀತು ಎಂದು ಲೆಕ್ಕ ಹಾಕುವ ಆಟಗಾರರು ಇಲ್ಲದಿಲ್ಲ. ಲೆಕ್ಕ ತಪ್ಪಲ್ಲ, ಕಳೆದದ್ದೇನೆಂದು ಅದರಲ್ಲಿ ಬರೆದಿಲ್ಲ, ಅಷ್ಟೆ. ಮೈದಾನದಲ್ಲಿ ಚೀಲ ಹೊತ್ತು ಬದುಕುವವನಿಗೆ ಆ ಬೆಳಗಿನ ಕೂಲಿಯೇ ಆ ದಿನದ ಅನ್ನ. ಅವನ ವಿದ್ಯೆಯಲ್ಲಿ ಗಜ ಹೇಳುವುದು ಒಂದು ಸಣ್ಣ ಭಾಗ. ಆ ಭಾಗವನ್ನು ಯಂತ್ರ ಕಸಿದುಕೊಂಡರೂ ಉಳಿದದ್ದು ಅವನಲ್ಲಿಯೇ ಇದೆ. ಅದನ್ನು ಬಲ್ಲ ಕ್ಯಾಡಿಗಳು ಯಂತ್ರವನ್ನು ದ್ವೇಷಿಸುವುದಿಲ್ಲ. ಯಜಮಾನರ ಕೈಯಿಂದ ದುರ್ಬೀನನ್ನು ತಾವೇ ಇಸಿದುಕೊಂಡು ಗುರಿ ಹಿಡಿಯುತ್ತಾರೆ. ನಡುಗದ ಕೈ ಅವರದೇ ಅಲ್ಲವೆ? ಕೈ ನಡುಗುವ ಹಿರಿಯರಿಗೆ ಲೇಸರೂ ಒದಗಿಬರುವ ಉಪಾಯ ಇದೊಂದೇ. ಮನೆಯಾಕೆಗೆ ಇಂಜಿನಿಯರರು ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇಷ್ಟೆ: ಅಳತೆಗೋಲು ಬಂದರೂ ಅಳತೆಗಾರನ ಸಂಬಳ ನಿಲ್ಲುವುದಿಲ್ಲ, ಉಳಿತಾಯವೆಂಬ ಮಾತು ಬೇಡ. ಆಕೆ ಒಪ್ಪದಿದ್ದರೆ ದಸರೆಗೆ ಮಗ ಬೇರೇನನ್ನಾದರೂ ತರಲಿ. ಈಗತಾನೆ ದಾಂಡು ಹಿಡಿಯಲು ಕಲಿಯುತ್ತಿರುವವರಿಗಂತೂ ಎರಡೂ ಯಂತ್ರಗಳು ಬೇಡ. ತಮ್ಮ ಹೊಡೆತ ಎಷ್ಟು ದೂರ ಹೋಗುತ್ತದೆಂದೇ ಅರಿಯದವರಿಗೆ ಬಾವುಟದ ದೂರದಿಂದ ಏನು ಪ್ರಯೋಜನ?

ಕೊಳ್ಳುವವರು ಅಂಗಡಿಯಲ್ಲಿ ನೋಡಬೇಕಾದ ಸಂಗತಿಗಳು ಕೆಲವುಂಟು. ಲೇಸರಿನಲ್ಲಿ ಏರಿಳಿತವನ್ನು ಲೆಕ್ಕಕ್ಕೆ ಸೇರಿಸುವ ಸೌಕರ್ಯವಿದ್ದರೆ, ಪಂದ್ಯದ ದಿನ ಅದನ್ನು ಮುಚ್ಚಿಡುವ ಗುಂಡಿಯೂ ಇರಲೇಬೇಕು; ಮೈಸೂರಿನಲ್ಲಿಯೇ ಆಡುವವರು ಆ ಸೌಕರ್ಯಕ್ಕಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. ಅಂಗಡಿಯೊಳಗಿನ ಗೋಡೆಗೆ ಗುರಿ ಹಿಡಿದು ತೃಪ್ತರಾಗದೆ, ಹೊರಗೆ ನಡುಬಿಸಿಲಿನಲ್ಲಿ ಒಂದು ತೆಳುವಾದ ಕಂಬಕ್ಕೆ ಹಿಡಿದು ನೋಡಬೇಕು. ಗಡಿಯಾರವಾದರೆ, ತಾವು ಆಡುವ ಮೈದಾನದ ನಕ್ಷೆ ಅದರಲ್ಲಿದೆಯೋ ಇಲ್ಲವೋ, ಇದ್ದರೆ ಹುಲ್ಲುಗಂಬಳಿಗಳ ಇಂದಿನ ರೂಪ ಅದರಲ್ಲಿದೆಯೋ ಇಲ್ಲವೋ, ವರ್ಷವರ್ಷವೂ ನಕ್ಷೆಗೆ ಬಾಡಿಗೆ ತೆರಬೇಕೋ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹದಿನೆಂಟು ಕುಳಿ ಮುಗಿಯಲು ನಾಲ್ಕು ಗಂಟೆಗೆ ಮೇಲಾಗುತ್ತದೆ. ಅದರ ಬ್ಯಾಟರಿ ಅಷ್ಟು ಹೊತ್ತು ಬಾಳಬೇಕು.

ಇನ್ನೊಂದು. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದು, ದೇಶದಲ್ಲಿ ಬಟ್ಟೆಯಂಗಡಿಯ ಗಜ ಹೋಗಿ ಮೀಟರ್ ಬಂದರೂ, ಗಾಲ್ಫ್ ಮೈದಾನಗಳಲ್ಲಿ ಗಜ ಕದಲಿಲ್ಲ. ಪರದೇಶದಿಂದ ಬಂದ ಯಂತ್ರ ಪೆಟ್ಟಿಗೆ ಬಿಚ್ಚಿದಾಗ ಯಾವ ಅಳತೆಯಲ್ಲಿ ಮಾತನಾಡುತ್ತದೆಂದು ನೋಡಿಕೊಳ್ಳದೆ ಮೈದಾನಕ್ಕೆ ಇಳಿದರೆ, ಅದೇ ಬಾವುಟಕ್ಕೆ ಯಂತ್ರ 137 ಎನ್ನುತ್ತದೆ, ಕ್ಯಾಡಿ 150 ಎನ್ನುತ್ತಾನೆ. ಇಬ್ಬರೂ ಹೇಳಿದ್ದು ಸರಿಯೇ ಆಗಿರುತ್ತದೆ.